ಸಮಾಜ ಕೆಟ್ಟಾಗ ಹೊಣೆ ಯಾರದು? ಅಲ್ ಮಕ್ರೀಝಿ ಕಂಡ ಕೈರೋ

ಸಮಾಜ ಕೆಟ್ಟುಹೋಗಿದೆ ಎಂಬ ಮಾತನ್ನು ನಾವು ಜುಮಾ ಖುತ್ಬಾದಲ್ಲೂ ಮದುವೆ ಮನೆಯಲ್ಲೂ ಕೇಳುತ್ತಲೇ ಇರುತ್ತೇವೆ. ಆದರೆ ಕೆಟ್ಟಿರುವುದು ಏನು, ಕೆಡಿಸಿದವರು ಯಾರು ಎಂದು ಕೇಳಿದರೆ ನಮ್ಮ ಬೆರಳು ಬಹುಬೇಗ ಯುವಕರ ಕಡೆಗೆ, ಅದಕ್ಕಿಂತಲೂ ಬೇಗ ಹೆಣ್ಣುಮಕ್ಕಳ ಉಡುಪಿನ ಕಡೆಗೆ ತಿರುಗುತ್ತದೆ. ಈ ಪ್ರಶ್ನೆ ಹೊಸದಲ್ಲ. ಆರು ಶತಮಾನಗಳ ಹಿಂದೆ ಈಜಿಪ್ಟಿನ ಕೈರೋ ನಗರದಲ್ಲಿ ಇದಕ್ಕೆ ಎರಡು ಉತ್ತರಗಳು ಬಂದಿದ್ದವು. ಎರಡನ್ನೂ ನಾವು ತಿಳಿದಿರಬೇಕು.

ಮೊದಲ ಉತ್ತರ ಇತಿಹಾಸಕಾರ ತಕಿಯುದ್ದೀನ್ ಅಲ್ ಮಕ್ರೀಝಿಯವರದು. 1364ರಲ್ಲಿ ಕೈರೋದಲ್ಲಿ ಹುಟ್ಟಿದ ಅವರು ಇಬ್ನ್ ಖಲ್ದೂನರ ಶಿಷ್ಯರು. 1399ರಲ್ಲಿ ಸುಲ್ತಾನ್ ಬರ್ಕೂಕ್ ಅವರನ್ನು ಮುಹ್ತಸಿಬ್ ಹುದ್ದೆಗೆ ನೇಮಿಸಿದನು. ಮಾರುಕಟ್ಟೆಯ ತೂಕ, ಅಳತೆ, ಬೆಲೆ, ಸಾರ್ವಜನಿಕ ನಡತೆ ಇವೆಲ್ಲದರ ಮೇಲೆ ಕಣ್ಣಿಡುವ ಅಧಿಕಾರಿಯೇ ಮುಹ್ತಸಿಬ್. ಹೀಗೆ ರೊಟ್ಟಿಯ ಬೆಲೆ ಹೇಗೆ ಏರುತ್ತದೆ, ತಕ್ಕಡಿ ಹೇಗೆ ವಾಲುತ್ತದೆ ಎಂಬುದನ್ನು ಅವರು ಅಧಿಕಾರದಲ್ಲಿ ಕುಳಿತೇ ಕಂಡವರು.

1403ರಲ್ಲಿ ನೈಲ್ ನದಿ ಸಾಕಷ್ಟು ಉಕ್ಕಲಿಲ್ಲ. ಧಾನ್ಯದ ಬೆಲೆ ಏರಿತು, ಹಸಿವಿನ ಹಿಂದೆಯೇ ರೋಗವೂ ಬಂತು. ಈ ಸಂಕಷ್ಟದ ಬಗ್ಗೆ ಮಕ್ರೀಝಿ 1405ರಲ್ಲಿ, ಅಂದರೆ ಹಿಜರಿ 808ರಲ್ಲಿ, ಒಂದು ಕಿರುಗ್ರಂಥ ಬರೆದರು. ಹಿಂದಿನ ಕ್ಷಾಮಗಳನ್ನೆಲ್ಲ ಅದರಲ್ಲಿ ಪಟ್ಟಿ ಮಾಡಿದ ಅವರ ವಾದ ಇಷ್ಟು: ನದಿ ಇಳಿಯುವುದು ಹಿಂದೆಯೂ ಇತ್ತು, ಆದರೆ ಈ ಬಾರಿ ಕಷ್ಟ ಇಷ್ಟು ಬೆಳೆದದ್ದು ಮನುಷ್ಯರ ಕೈಗಳಿಂದ.

ಅವರು ಕೊಟ್ಟ ಕಾರಣಗಳು ಮೂರು. ಮೊದಲನೆಯದು, ಮಂತ್ರಿ, ಖಾಝಿ, ಪ್ರಾಂತಾಧಿಕಾರಿ, ಮುಹ್ತಸಿಬ್ ಹುದ್ದೆಗಳು ಲಂಚಕ್ಕೆ ಮಾರಾಟವಾದದ್ದು. ಸಾಲ ಮಾಡಿ ಹುದ್ದೆ ಕೊಂಡವನು ಆ ಸಾಲವನ್ನು ಜನರಿಂದಲೇ ವಸೂಲು ಮಾಡುತ್ತಾನೆ. ಮೇಲಿನವನು ಕೆಳಗಿನವನನ್ನು ಹಿಂಡುತ್ತಾನೆ, ಕೊನೆಗೆ ಹೊರೆ ಬೀಳುವುದು ರೈತನ ಬೆನ್ನಿಗೆ. ರೈತ ಊರು ಬಿಟ್ಟು ಓಡುತ್ತಾನೆ, ಹೊಲ ಪಾಳು ಬೀಳುತ್ತದೆ. ಎರಡನೆಯದು, ಜಮೀನಿನ ಗೇಣಿ ವಿಪರೀತ ಏರಿದ್ದು. ಮೂರನೆಯದು, ಚಿನ್ನ ಬೆಳ್ಳಿಯ ಜಾಗದಲ್ಲಿ ಫುಲೂಸ್ ಎಂಬ ತಾಮ್ರದ ನಾಣ್ಯವನ್ನು ಮಿತಿಯಿಲ್ಲದೆ ಚಲಾವಣೆಗೆ ಬಿಟ್ಟದ್ದು. ಇದರಿಂದ ಕೂಲಿಗಾರನ ಗಳಿಕೆಗೆ ಬೆಲೆಯೇ ಇಲ್ಲದಾಯಿತು.

ನ್ಯಾಯಪೀಠ ಮಾರಾಟವಾಗುವುದೂ ದುಡ್ಡಿನ ಬೆಲೆ ಬೀಳಿಸುವುದೂ ಮಕ್ರೀಝಿಯವರ ದೃಷ್ಟಿಯಲ್ಲಿ ಬರಿಯ ಆಡಳಿತದ ಲೋಪಗಳಾಗಿರಲಿಲ್ಲ, ಅವೇ ಫಸಾದ್ ಆಗಿದ್ದವು. ಇದರಲ್ಲಿ ಆಶ್ಚರ್ಯವಿಲ್ಲ. ಕುರ್‌ಆನ್‌ನಲ್ಲಿ ಪ್ರವಾದಿ ಶುಐಬರ(ಅ) ಜನಾಂಗಕ್ಕೆ ಬಂದ ಎಚ್ಚರಿಕೆ ಅಳತೆ ತೂಕದ ಮೋಸದ ಕುರಿತಾದದ್ದು. ತೂಕದಲ್ಲಿ ವಂಚಿಸುವವರ ಹೆಸರಿನಲ್ಲೇ ಒಂದು ಸೂರಃ ಇದೆ.

ಎರಡನೆಯ ಉತ್ತರ ಬಂದದ್ದು 1438ರಲ್ಲಿ. ಪ್ಲೇಗ್ ಮತ್ತೆ ಕೈರೋವನ್ನು ಆವರಿಸಿತ್ತು. ಸುಲ್ತಾನ್ ಬರ್ಸ್‌ಬಾಯ್ ಖಾಝಿಗಳನ್ನೂ ಫಕೀಹರನ್ನೂ ಕರೆಸಿ, ಯಾವ ಪಾಪಕ್ಕೆ ಈ ಶಿಕ್ಷೆ ಎಂದು ಕೇಳಿದನು. ವ್ಯಭಿಚಾರ ಹೆಚ್ಚಿದೆ, ಹೆಂಗಸರು ಸಿಂಗರಿಸಿಕೊಂಡು ಬೀದಿಗಳಲ್ಲಿ ತಿರುಗುತ್ತಿದ್ದಾರೆ ಎಂಬ ಉತ್ತರ ಬಂತು. ಹೆಂಗಸರು ಮನೆಯಿಂದ ಹೊರಬರಬಾರದೆಂದು ಡಂಗುರ ಸಾರಲಾಯಿತು. ಆಮೇಲೆ ಕೆಲವರಿಗೆ ವಿನಾಯಿತಿ ಸಿಕ್ಕರೂ ದುಡಿದು ತಿನ್ನುವ ವಿಧವೆಯರು, ಗಂಡು ದಿಕ್ಕಿಲ್ಲದ ಮನೆಯವರು ಕಂಗಾಲಾದರು. ಹೆಂಗಸರ ಬಟ್ಟೆಬರೆ ಮಾರುವವರ ವ್ಯಾಪಾರವೂ ನಿಂತಿತು. ಇದನ್ನೆಲ್ಲ ವೃದ್ಧ ಮಕ್ರೀಝಿ ತಮ್ಮ ಚರಿತ್ರೆಯಲ್ಲಿ ದಾಖಲಿಸಿದ್ದಾರೆ. ಪ್ಲೇಗ್ ಮಾತ್ರ ನಿಲ್ಲಲಿಲ್ಲ. ಅದೇ ವರ್ಷ ಸುಲ್ತಾನನೂ ತೀರಿಕೊಂಡನು.

ಆ ಸಭೆ ಹೆಸರಿಸಬಹುದಾಗಿದ್ದ ಇನ್ನೊಂದು ತಪ್ಪು ಸುಲ್ತಾನನ ಆಸ್ಥಾನದಲ್ಲೇ ಇತ್ತು. ಇದೇ ಬರ್ಸ್‌ಬಾಯ್ ಸಕ್ಕರೆಯನ್ನೂ, ನಮ್ಮ ಪಶ್ಚಿಮ ಕರಾವಳಿಯಿಂದ ಕೆಂಪು ಸಮುದ್ರದ ಮೂಲಕ ಹೋಗುತ್ತಿದ್ದ ಕರಿಮೆಣಸನ್ನೂ ತನ್ನ ಏಕಸ್ವಾಮ್ಯಕ್ಕೆ ತೆಗೆದುಕೊಂಡು ವರ್ತಕರ ಬದುಕು ಕೆಡಿಸಿದ್ದನು. ಪ್ರಶ್ನೆ ಕೇಳಿದವನ ಮುಂದೆ ಅವನ ತಪ್ಪನ್ನೇ ಇಡುವುದು ಕಷ್ಟ. ದನಿಯಿಲ್ಲದವರ ಮೇಲೆ ಹೊರೆ ಹಾಕುವುದು ಸುಲಭ.

ವೈಯಕ್ತಿಕ ಪಾಪ ಸಣ್ಣದು ಎಂದು ನಾವು ಹೇಳುತ್ತಿಲ್ಲ. ಹಯಾ ಈಮಾನಿನ ಭಾಗವೇ. ಅದು ಗಂಡಿಗೂ ಹೆಣ್ಣಿಗೂ ಒಂದೇ. ಆದರೆ ಪ್ರವಾದಿಯವರು(ಸ) ನಮಗೆ ಕಲಿಸಿದ್ದು, ಪ್ರತಿಯೊಬ್ಬರೂ ಹೊಣೆಗಾರರು, ಪ್ರತಿಯೊಬ್ಬರನ್ನೂ ಅವರ ಅಧೀನದಲ್ಲಿರುವವರ ಬಗ್ಗೆ ವಿಚಾರಿಸಲಾಗುವುದು ಎಂದು. ಅಧಿಕಾರ ಎಷ್ಟೋ ಹೊಣೆಯೂ ಅಷ್ಟೇ. ಆಡಳಿತಗಾರನಿಗೆ ಒಂದು ಪಾಲು, ಆಲಿಮರಿಗೆ ಒಂದು, ಜಮಾಅತಿನ ಮುಖಂಡರಿಗೆ ಒಂದು, ಮನೆಯ ಯಜಮಾನನಿಗೆ ಒಂದು.

ಆದ್ದರಿಂದ ನಮ್ಮ ಮೊಹಲ್ಲಾದಲ್ಲಿ ಅಧಃಪತನದ ಲೆಕ್ಕ ಹಾಕುವಾಗ ಎಲ್ಲವನ್ನೂ ಬರೆಯೋಣ. ವರದಕ್ಷಿಣೆ ಪಡೆದ ಮದುವೆ, ಸಹೋದರಿಗೆ ಕೊಡದೆ ಉಳಿಸಿಕೊಂಡ ಆಸ್ತಿಯ ಪಾಲು, ಕೂಲಿಗಾರನಿಗೆ ತಡೆಹಿಡಿದ ಸಂಬಳ, ಅಂಗಡಿಯ ತಕ್ಕಡಿ ಎಲ್ಲವೂ ಆ ಲೆಕ್ಕದಲ್ಲಿರಲಿ. ಲೆಕ್ಕ ನಮ್ಮ ಮನೆಯಿಂದಲೇ ಆರಂಭವಾಗಲಿ. ಅಲ್ಲಾಹನು ನಮಗೆ ನ್ಯಾಯವಾಗಿ ತೂಗುವ ಮನಸ್ಸು ಕೊಡಲಿ. ಆಮೀನ್.