ನರವ್ಯೂಹ: ತಿಳಿವಳಿಕೆಯ ಇತಿಹಾಸ

ಮಿದುಳು, ಮಿದುಳುಬಳ್ಳಿ ಮತ್ತು ಅವುಗಳಿಂದ ಹೊರಟು ಮೈಯೆಲ್ಲ ಹಬ್ಬಿರುವ ನರಗಳು ಸೇರಿದ ವ್ಯವಸ್ಥೆಯೇ ನರವ್ಯೂಹ. ವಯಸ್ಕರ ಮಿದುಳು ಸುಮಾರು 1.3ರಿಂದ 1.4 ಕಿಲೋಗ್ರಾಂ ತೂಗುತ್ತದೆ. ಮೈತೂಕದಲ್ಲಿ ನೂರಕ್ಕೆ 2 ಪಾಲಿನಷ್ಟಿರುವ ಈ ಅಂಗ, ದೇಹ ವಿಶ್ರಾಂತಿಯಲ್ಲಿದ್ದಾಗಲೂ ಒಟ್ಟು ಶಕ್ತಿಯ ಸುಮಾರು ಐದನೆಯ ಒಂದು ಪಾಲನ್ನು ಬಳಸಿಕೊಳ್ಳುತ್ತದೆ. ಬೆನ್ನೆಲುಬಿನೊಳಗೆ ಇಳಿಯುವ ಮಿದುಳುಬಳ್ಳಿಯ ಉದ್ದ ಹೆಚ್ಚುಕಡಿಮೆ 45 ಸೆಂಟಿಮೀಟರ್. ಅದು ಸೊಂಟದ ಮೇಲ್ಭಾಗದಲ್ಲೇ ಮುಗಿದುಬಿಡುತ್ತದೆ. ಮಿದುಳಿನಿಂದ 12 ಜೊತೆ, ಮಿದುಳುಬಳ್ಳಿಯಿಂದ 31 ಜೊತೆ ನರಗಳು ಹೊರಡುತ್ತವೆ. ಕಣ್ಣು, ಕಿವಿ, ಚರ್ಮಗಳ ಸುದ್ದಿಯನ್ನು ಒಳಗೆ ತರುವುದು ಜ್ಞಾನವಾಹಿ ತಂತುಗಳ ಕೆಲಸ, ಸ್ನಾಯುಗಳಿಗೆ ಆದೇಶ ಒಯ್ಯುವುದು ಕ್ರಿಯಾವಾಹಿಗಳ ಕೆಲಸ. ಎದೆಬಡಿತ, ಜೀರ್ಣಕ್ರಿಯೆ, ಬೆವರು ಮುಂತಾದವನ್ನು ನಮ್ಮ ಗಮನಕ್ಕೆ ಬಾರದಂತೆ ನಡೆಸುವ ಸ್ವಯಂನಿಯಂತ್ರಿತ ವಿಭಾಗವೂ ಇದೆ.

ಶಾಲೆಯ ಮಕ್ಕಳು ಇಂದು ಓದುವ ಈ ಸಂಗತಿಗಳ ಹಿಂದೆ ಎರಡು ಸಾವಿರ ವರ್ಷಗಳಿಗೂ ಹೆಚ್ಚಿನ ಹುಡುಕಾಟವಿದೆ. ನರಗಳ ಹಾದಿಯನ್ನು ಶವ ಸೀಳಿದವರೆಲ್ಲ ಕಾಣಬಹುದಿತ್ತು. ಅವುಗಳಲ್ಲಿ ಸಾಗುವುದೇನು ಎಂಬುದು ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ. ನರವ್ಯೂಹದ ಇತಿಹಾಸ ಬಹುಮಟ್ಟಿಗೆ ಈ ಒಂದು ಪ್ರಶ್ನೆಯ ಇತಿಹಾಸ.

ಮಿದುಳಿನ ಅತಿ ಹಳೆಯ ಬರಹರೂಪದ ಉಲ್ಲೇಖ ಈಜಿಪ್ಟಿನ ಎಡ್ವಿನ್ ಸ್ಮಿತ್ ಪಪೈರಸ್‌ನಲ್ಲಿದೆ. ಕ್ರಿ.ಪೂ. 1600ರ ಸುಮಾರಿನ ಈ ಪ್ರತಿಯಲ್ಲಿ 48 ರೋಗಿಗಳ ಗಾಯಗಳ ವಿವರಣೆಯಿದೆ. ತಲೆಗೆ ಪೆಟ್ಟು ಬಿದ್ದಾಗ ಕೈಕಾಲಿನ ಚಲನೆ ಕೆಡುವುದನ್ನು ಅದನ್ನು ಬರೆದವನು ಗಮನಿಸಿದ್ದ. ಆದರೂ ಶವಗಳನ್ನು ಕಾಪಿಡುವಾಗ ಈಜಿಪ್ಟಿನವರು ಹೃದಯವನ್ನು ಉಳಿಸಿ, ಮಿದುಳನ್ನು ಮೂಗಿನ ಮೂಲಕ ತೆಗೆದು ಎಸೆಯುತ್ತಿದ್ದರು. ಗ್ರೀಸಿನಲ್ಲೂ ಇದೇ ತಕರಾರು: ಕ್ರಿ.ಪೂ. 5ನೆಯ ಶತಮಾನದ ಆಲ್ಕ್‌ಮಿಯಾನ್ ಅರಿವಿನ ನೆಲೆ ಮಿದುಳೆಂದರೆ, ಅರಿಸ್ಟಾಟಲ್ ಅದು ಹೃದಯವೆಂದೂ ಮಿದುಳು ಬರಿಯ ತಂಪುಕಾರಕವೆಂದೂ ವಾದಿಸಿದ. ಭಾರತದಲ್ಲಿ ಚರಕ ಸಂಹಿತೆ ಪ್ರಾಣ ಮತ್ತು ಇಂದ್ರಿಯಗಳಿಗೆ ಆಶ್ರಯವಾದ ತಲೆಯನ್ನು ಉತ್ತಮಾಂಗವೆನ್ನುತ್ತದೆ, ಚೇತನದ ನೆಲೆಯನ್ನು ಹೃದಯದಲ್ಲಿ ಗುರುತಿಸುತ್ತದೆ. ಭೇಲ ಸಂಹಿತೆ ಮನಸ್ಸನ್ನು ತಲೆ ಮತ್ತು ಅಂಗುಳಿನ ನಡುವೆ ಇರಿಸುತ್ತದೆ.

ಕ್ರಿ.ಪೂ. 3ನೆಯ ಶತಮಾನದ ಅಲೆಕ್ಸಾಂಡ್ರಿಯಾದಲ್ಲಿ ಹೆರೋಫಿಲಸ್ ಮತ್ತು ಎರಾಸಿಸ್ಟ್ರೇಟಸ್ ಮಾನವ ಶವಗಳನ್ನು ಸೀಳಿ ನೋಡಿ, ನರಗಳನ್ನು ರಕ್ತನಾಳಗಳಿಂದ ಬೇರೆ ಮಾಡಿ ಗುರುತಿಸಿದರು. ಆದರೆ ಪ್ರಯೋಗದಿಂದ ಉತ್ತರ ಪಡೆಯುವ ದಾರಿಯನ್ನು ತೆರೆದವನು ಪೆರ್ಗಮಾನಿನಲ್ಲಿ ಗ್ಲಾಡಿಯೇಟರ್ ಕಾಳಗಗಾರರ ಗಾಯಗಳಿಗೆ ಚಿಕಿತ್ಸೆ ಮಾಡಿ ಪಳಗಿದ್ದ 2ನೆಯ ಶತಮಾನದ ವೈದ್ಯ ಗೇಲನ್. ಜನರೆದುರು ಅವನು ಜೀವಂತ ಹಂದಿಯ ಕೊರಳಿನಲ್ಲಿ ಧ್ವನಿಪೆಟ್ಟಿಗೆಗೆ ಹೋಗುವ ತೆಳ್ಳನೆಯ ನರಗಳನ್ನು ಕತ್ತರಿಸಿದ. ಹಂದಿ ಒದ್ದಾಡುತ್ತಲೇ ಇತ್ತು, ಕಿರುಚಾಟ ಮಾತ್ರ ನಿಂತುಹೋಯಿತು. ಕ್ರೂರವಾದ ಪ್ರದರ್ಶನ, ನಿಜ. ಆದರೆ ಧ್ವನಿಯನ್ನು ಆಳುವುದು ಹೃದಯವಲ್ಲ, ಮಿದುಳು ಎಂಬುದಕ್ಕೆ ಅಷ್ಟು ನೇರವಾದ ಸಾಕ್ಷಿ ಅದುವರೆಗೆ ಇರಲಿಲ್ಲ. ಮಿದುಳುಬಳ್ಳಿಯನ್ನು ಬೇರೆಬೇರೆ ಎತ್ತರಗಳಲ್ಲಿ ಕಡಿದು, ಕಡಿದ ಜಾಗದ ಕೆಳಗಿನ ಭಾಗವೆಲ್ಲ ಸ್ವಾಧೀನ ತಪ್ಪುವುದನ್ನೂ ಅವನು ತೋರಿಸಿದ. ನರದೊಳಗೆ ಏನಿದೆ ಎಂಬುದಕ್ಕೆ ಅವನ ಉತ್ತರ ಒಂದು ಸೂಕ್ಷ್ಮ ವಾಯು. ಈ ಉತ್ತರ ಸಾವಿರದೈನೂರು ವರ್ಷ ಅಲುಗಲಿಲ್ಲ.

1543ರಲ್ಲಿ ವೆಸೇಲಿಯಸ್ ಮಾನವ ಮಿದುಳಿನ ನಿಖರ ಚಿತ್ರಗಳನ್ನು ಪ್ರಕಟಿಸಿದ. 1664ರಲ್ಲಿ ಆಕ್ಸ್‌ಫರ್ಡಿನ ಥಾಮಸ್ ವಿಲ್ಲಿಸ್ ಬರೆದ ಮಿದುಳಿನ ಅಂಗರಚನೆಯ ಗ್ರಂಥಕ್ಕೆ ಕ್ರಿಸ್ಟೋಫರ್ ರೆನ್ ಚಿತ್ರ ಬರೆದುಕೊಟ್ಟ. ವಾಯುವಿನ ವಾದಕ್ಕೆ ನಿಜವಾದ ಪೆಟ್ಟು ಕೊಟ್ಟದ್ದು ಅದೇ ಕಾಲದ ಡಚ್ ವಿಜ್ಞಾನಿ ಸ್ವಾಮರ್‌ಡಾಮ್. ನರದಿಂದ ವಾಯು ಬಂದು ತುಂಬುವುದರಿಂದ ಸ್ನಾಯು ಸಂಕುಚಿಸುವುದಾದರೆ ಅದರ ಗಾತ್ರ ಹೆಚ್ಚಬೇಕಲ್ಲವೇ? ಕಪ್ಪೆಯ ಸ್ನಾಯುವನ್ನು ಗಾಜಿನ ನಳಿಗೆಯೊಳಗೆ ಮುಚ್ಚಿಟ್ಟು, ನರವನ್ನು ಕೆಣಕಿ ನೋಡಿದ, ಗಾತ್ರ ಹೆಚ್ಚಲಿಲ್ಲ. ಅವನ ಬರಹ ಅಚ್ಚಾದದ್ದು 1738ರಲ್ಲಿ, ಅವನು ತೀರಿಕೊಂಡು ಅರ್ಧ ಶತಮಾನ ಕಳೆದ ಮೇಲೆ.

1791ರಲ್ಲಿ ಬೊಲೋನ್ಯದ ಗಾಲ್ವಾನಿ, ಕಪ್ಪೆಯ ಕಾಲು ವಿದ್ಯುತ್ತಿನಿಂದ ಅದುರುವುದನ್ನು ವಿವರಿಸಿ, ಪ್ರಾಣಿಯ ದೇಹದಲ್ಲೇ ವಿದ್ಯುತ್ತು ಇದೆಯೆಂದು ಸಾರಿದ. ಅದು ಲೋಹಗಳ ಸ್ಪರ್ಶದಿಂದ ಹುಟ್ಟಿದ್ದೆಂದು ವೋಲ್ಟಾ ಎದುರಾಡಿದ. ಆ ಜಗಳದ ಫಲವಾಗಿಯೇ 1800ರಲ್ಲಿ ಜಗತ್ತಿಗೆ ಬ್ಯಾಟರಿ ದಕ್ಕಿತು. ಮಿದುಳುಬಳ್ಳಿಯ ಮುಂದಿನ ಬೇರುಗಳು ಚಲನೆಗೆ, ಹಿಂದಿನವು ಸಂವೇದನೆಗೆ ಎಂಬುದನ್ನು ಬೆಲ್ ಮತ್ತು ಮಜಾಂಡಿ 1811ರಿಂದ 1822ರ ನಡುವೆ ಬಿಡಿಸಿದರು. ನರದ ಸಂದೇಶದ ವೇಗವನ್ನು ಅಳೆಯಲು ಸಾಧ್ಯವೇ ಇಲ್ಲವೆಂದು ಯೊಹಾನೆಸ್ ಮ್ಯುಲರ್ ಭಾವಿಸಿದ್ದ. ಅವನ ಶಿಷ್ಯ ಹೆಲ್ಮ್‌ಹೋಲ್ಟ್ಸ್ 1850ರಲ್ಲಿ ಅದನ್ನು ಅಳೆದೇಬಿಟ್ಟ: ಕಪ್ಪೆಯ ನರದಲ್ಲಿ ಸೆಕೆಂಡಿಗೆ ಸುಮಾರು 27 ಮೀಟರ್. ತಂತಿಯಲ್ಲಿ ಹರಿಯುವ ವಿದ್ಯುತ್ತಿಗಿಂತ ಇದು ಎಷ್ಟೋ ಪಾಲು ನಿಧಾನ. ಹಾಗಾದರೆ ನರ ಬರಿಯ ತಂತಿಯಲ್ಲ, ಅದರೊಳಗೆ ಬೇರೆ ಏನೋ ನಡೆಯುತ್ತಿದೆ ಎಂಬುದು ಸ್ಪಷ್ಟವಾಯಿತು.

ಆ ಏನೋ ಎಂಬುದನ್ನು ತಿಳಿಯುವ ಮೊದಲು ನರ ಯಾವುದರಿಂದ ಆಗಿದೆ ಎಂದು ತಿಳಿಯಬೇಕಿತ್ತು. ಸೂಕ್ಷ್ಮದರ್ಶಕದಡಿ ಮಿದುಳಿನ ಊತಕ ಬಿಡಿಸಲಾಗದ ಸಿಕ್ಕಿನಂತೆ ಕಾಣುತ್ತಿತ್ತು. 1873ರಲ್ಲಿ ಇಟಲಿಯ ಕ್ಯಾಮಿಲ್ಲೊ ಗಾಲ್ಜಿ, ತಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ಅಡುಗೆಕೋಣೆಯನ್ನೇ ಪ್ರಯೋಗಶಾಲೆ ಮಾಡಿಕೊಂಡು, ಪೊಟ್ಯಾಸಿಯಂ ಡೈಕ್ರೋಮೇಟ್ ಮತ್ತು ಸಿಲ್ವರ್ ನೈಟ್ರೇಟ್ ಬಳಸಿ ಹೊಸ ಬಣ್ಣಹಾಕುವ ವಿಧಾನವನ್ನು ಕಂಡುಹಿಡಿದ. ನೂರಾರು ಕೋಶಗಳಲ್ಲಿ ಕೆಲವೇ ಕೆಲವು, ಆದರೆ ತುದಿಯಿಂದ ತುದಿಯವರೆಗೆ ಪೂರ್ತಿಯಾಗಿ ಕಪ್ಪಾದವು. 1887ರಲ್ಲಿ ಮ್ಯಾಡ್ರಿಡ್‌ನಲ್ಲಿ ಇಂಥ ಮಾದರಿಗಳನ್ನು ಕಂಡ ಸ್ಯಾಂಟಿಯಾಗೊ ರಾಮೊನ್ ಇ ಕಹಾಲ್ ಮತ್ತೆ ಬೇರೆ ವಿಷಯಕ್ಕೆ ಹೊರಳಲಿಲ್ಲ. ಬೆಳೆದ ಮಿದುಳಿನಲ್ಲಿ ತಂತುಗಳ ಮೇಲಿನ ಮಯಲಿನ್ ಕವಚ ಬಣ್ಣ ಹಿಡಿಯಲು ಅಡ್ಡಿ ಮಾಡುತ್ತದೆಂದು ಅರಿತು, ಕವಚ ಮೂಡುವ ಮೊದಲಿನ ಭ್ರೂಣಗಳನ್ನೂ ಮರಿಗಳನ್ನೂ ಆರಿಸಿಕೊಂಡದ್ದು ಅವನ ಜಾಣ್ಮೆ. 1888ರಲ್ಲಿ ಹಕ್ಕಿಯ ಅನುಮಸ್ತಿಷ್ಕದಲ್ಲಿ ಅವನು ಕಂಡದ್ದು ಪ್ರತಿಯೊಂದು ನರಕೋಶವೂ ಬಿಡಿಯಾಗಿಯೇ ಇರುವುದನ್ನು: ಒಂದರ ತಂತು ಇನ್ನೊಂದರ ಹತ್ತಿರ ಹೋಗಿ ನಿಲ್ಲುತ್ತದೆ, ಬೆಸೆಯುವುದಿಲ್ಲ. ಎಲ್ಲವೂ ಒಂದೇ ಅಖಂಡ ಜಾಲವೆಂದು ಗಾಲ್ಜಿ ಕೊನೆಯವರೆಗೂ ನಂಬಿದ. 1906ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿಯನ್ನು ಹಂಚಿದಾಗ, ಕಹಾಲ್ ಕೇಳುತ್ತಿದ್ದ ವೇದಿಕೆಯಿಂದಲೇ ಗಾಲ್ಜಿ ಅವನ ಸಿದ್ಧಾಂತವನ್ನು ಖಂಡಿಸಿದ. ಗಾಲ್ಜಿಯ ವಿಧಾನವಿಲ್ಲದೆ ಕಹಾಲನ ಕಾಣ್ಕೆ ಇಲ್ಲ. ಪ್ರಶಸ್ತಿಯನ್ನು ಹಂಚಿದ್ದು ನ್ಯಾಯವೇ ಆಗಿತ್ತು.

ಕೋಶಗಳು ಬಿಡಿಬಿಡಿಯಾದರೆ ಸಂದೇಶ ದಾಟುವುದು ಹೇಗೆ? ಆ ಸಂಧಿಗೆ 1897ರಲ್ಲಿ ಷೆರಿಂಗ್‌ಟನ್ ಸಿನಾಪ್ಸ್ ಎಂದು ಹೆಸರಿಟ್ಟ. ಉತ್ತರ ಕೊಟ್ಟವನು ಆಸ್ಟ್ರಿಯಾದ ಗ್ರಾಜ್ ನಗರದ ಆಟೊ ಲೋವಿ. ಪ್ರಯೋಗದ ಕಲ್ಪನೆ ನಿದ್ದೆಯಲ್ಲಿ ಹೊಳೆಯಿತೆಂದು ಅವನೇ ಹೇಳಿಕೊಂಡಿದ್ದಾನೆ. ರಾತ್ರಿ ಗೀಚಿಟ್ಟದ್ದನ್ನು ಬೆಳಿಗ್ಗೆ ಓದಲಾಗಲಿಲ್ಲ, ಮರುರಾತ್ರಿ ಅದೇ ಮತ್ತೆ ಬಂದಾಗ ಎದ್ದು ನೇರ ಪ್ರಯೋಗಶಾಲೆಗೆ ಹೋದ. ಲವಣದ ದ್ರಾವಣದಲ್ಲಿ ಬಡಿಯುತ್ತಿದ್ದ ಕಪ್ಪೆಯ ಹೃದಯದ ವೇಗಸ್ ನರವನ್ನು ಕೆಣಕಿದ, ಬಡಿತ ನಿಧಾನವಾಯಿತು. ಆ ದ್ರಾವಣವನ್ನು ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಕಿದ, ಅದೂ ನಿಧಾನವಾಯಿತು. ಹಾಗಾದರೆ ನರದ ತುದಿ ಒಂದು ರಾಸಾಯನಿಕವನ್ನು ಸುರಿಸಿರಲೇಬೇಕು. 1921ರಲ್ಲಿ ಪ್ರಕಟವಾದ ಈ ಸರಳ ಪ್ರಯೋಗ ಇಡೀ ಶಾಸ್ತ್ರದಲ್ಲೇ ಅತ್ಯಂತ ಸುಂದರವಾದದ್ದು. ಆ ವಸ್ತು ಅಸಿಟೈಲ್‌ಕೋಲಿನ್. ಲೋವಿ ಮತ್ತು ಅದೇ ವಸ್ತುವನ್ನು ಅಧ್ಯಯನ ಮಾಡಿದ್ದ ಹೆನ್ರಿ ಡೇಲ್ 1936ರಲ್ಲಿ ನೊಬೆಲ್ ಪಡೆದರು. ಎರಡೇ ವರ್ಷದಲ್ಲಿ ನಾಜಿಗಳು ಯಹೂದಿಯಾದ ಲೋವಿಯನ್ನು ಸೆರೆಹಿಡಿದು, ಪ್ರಶಸ್ತಿಯ ಹಣವನ್ನು ಕಿತ್ತುಕೊಂಡು ದೇಶ ಬಿಡಿಸಿದರು.

ತಂತುವಿನೊಳಗಿನ ಕಥೆ ಪೂರ್ತಿಯಾದದ್ದು 1952ರಲ್ಲಿ. ಸ್ಕ್ವಿಡ್ ಎಂಬ ಕಡಲಜೀವಿಯ ದೈತ್ಯ ತಂತು ಹೆಚ್ಚುಕಡಿಮೆ 1 ಮಿಲಿಮೀಟರ್ ದಪ್ಪವಿರುವುದರಿಂದ ಅದರೊಳಗೇ ವಿದ್ಯುದಗ್ರ ಇಳಿಸಬಹುದು. ಹಾಜ್‌ಕಿನ್ ಮತ್ತು ಹಕ್ಸ್‌ಲಿ ತೋರಿಸಿದ್ದು ಇದು: ಸಂದೇಶ ಬಂದಾಗ ಸೋಡಿಯಂ ಅಯಾನುಗಳು ಒಳನುಗ್ಗುತ್ತವೆ, ಹಿಂದೆಯೇ ಪೊಟ್ಯಾಸಿಯಂ ಹೊರಬರುತ್ತದೆ, ಈ ಏರಿಳಿತ ತಂತುವಿನುದ್ದಕ್ಕೂ ಸಾಗುತ್ತದೆ. ಹೆಲ್ಮ್‌ಹೋಲ್ಟ್ಸ್ ಕಂಡ ನಿಧಾನಕ್ಕೆ ಕಾರಣ ಇದೇ. ಅದೇ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಸಿನಾಪ್ಸಿನ ಸುಮಾರು 20 ನ್ಯಾನೊಮೀಟರ್ ಅಂತರವನ್ನು ಕಣ್ಣಿಗೆ ತೋರಿಸಿ ಕಹಾಲನ ಪರ ತೀರ್ಪು ಕೊಟ್ಟಿತು. ಕೆಲವು ಕೋಶಗಳ ನಡುವೆ ವಿದ್ಯುತ್ತು ನೇರವಾಗಿ ದಾಟುವ ಸಂಧಿಗಳೂ ಮುಂದೆ ಸಿಕ್ಕವು. ಮಾನವ ಮಿದುಳಿನ ನರಕೋಶಗಳನ್ನು ನಂಬಬಹುದಾದ ರೀತಿಯಲ್ಲಿ ಎಣಿಸಿದ್ದು 2009ರಲ್ಲಿ, ಬ್ರೆಜಿಲಿನ ಸುಜಾನಾ ಹರ್ಕ್ಯುಲಾನೊ-ಹೌಜೆಲ್ ಮತ್ತು ಸಂಗಡಿಗರು: ಸುಮಾರು 8,600 ಕೋಟಿ. ಅದರಲ್ಲಿ ಸುಮಾರು 6,900 ಕೋಟಿ ಇರುವುದು ತಲೆಯ ಹಿಂಬದಿಯ ಪುಟ್ಟ ಅನುಮಸ್ತಿಷ್ಕದಲ್ಲೇ.

ಈ ಜ್ಞಾನ ಜೀವ ಉಳಿಸುವ ಜಾಗಗಳಲ್ಲಿ ಕರ್ನಾಟಕದ ಹಳ್ಳಿಗಾಡಿನ ಆಸ್ಪತ್ರೆಗಳೂ ಸೇರಿವೆ. ಆರ್ಗನೊಫಾಸ್ಫೇಟ್ ಕೀಟನಾಶಕ ಹೊಟ್ಟೆ ಸೇರಿದರೆ ಅಸಿಟೈಲ್‌ಕೋಲಿನ್ನನ್ನು ಒಡೆಯುವ ಕಿಣ್ವ ಕೆಲಸ ನಿಲ್ಲಿಸುತ್ತದೆ. ಆಗ ಕೂಡಿಬೀಳುವ ಅಸಿಟೈಲ್‌ಕೋಲಿನ್ನಿನ ಪರಿಣಾಮವನ್ನು ತಡೆಯಲು ವೈದ್ಯರು ಅಟ್ರೋಪಿನ್ ಕೊಡುತ್ತಾರೆ. ನಾಗರಹಾವಿನ ವಿಷ ಸ್ನಾಯುವಿನ ಮೇಲಿನ ಗ್ರಾಹಕಗಳನ್ನು ಮುಚ್ಚುತ್ತದೆ. ಪ್ರತಿವಿಷದ ಜೊತೆಗೆ ನಿಯೋಸ್ಟಿಗ್ಮಿನ್ ಕೊಟ್ಟರೆ ಅಸಿಟೈಲ್‌ಕೋಲಿನ್ ಹೆಚ್ಚಿ ರೋಗಿ ಚೇತರಿಸಿಕೊಳ್ಳಬಹುದು. ಕಟ್ಟುಹಾವಿನ ವಿಷ ಬೇರೆ ಬಗೆಯದು. ಅದು ಮುಖ್ಯವಾಗಿ ನರದ ತುದಿಯನ್ನೇ ಹಾಳುಮಾಡುತ್ತದೆ. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಅದು ಕಚ್ಚಿದ್ದೂ ಎಷ್ಟೋ ಸಲ ತಿಳಿಯುವುದಿಲ್ಲ. ಮೊದಲು ರೆಪ್ಪೆಗಳು ಇಳಿಬೀಳುತ್ತವೆ, ಆಮೇಲೆ ಉಸಿರಾಟ ಸೋಲುತ್ತದೆ. ಪ್ರತಿವಿಷ ಬೇಗ ಸಿಗದಿದ್ದರೆ, ಹಾಳಾದ ನರತುದಿಗಳು ಮತ್ತೆ ಬೆಳೆಯುವವರೆಗೆ ರೋಗಿಯನ್ನು ದಿನಗಟ್ಟಲೆ ವೆಂಟಿಲೇಟರಿನಲ್ಲಿ ಉಸಿರಾಡಿಸಬೇಕಾಗುತ್ತದೆ.