ಎಂಟು ಸೇರು ಏಳೂವರೆ ಆದಾಗ ಕುದುರೆಗೆ ಮೋಸ ಆಯ್ತಾ?

(ಲೆಕ್ಕದ ಇತಿಹಾಸ, ಭಾಗ 4)

ಅಕ್ಬರನ ಲಾಯದಲ್ಲಿ ಖಾಸಾ ಕುದುರೆಗೆ, ಅಂದ್ರೆ ಬಾದಶಹನ ಸ್ವಂತ ಕುದುರೆಗೆ, ದಿನಕ್ಕೆ 8 ಸೇರು ಮೇವು ಗೊತ್ತುಮಾಡಿದ್ರು. ಆಮೇಲೆ ಅದನ್ನ ಏಳೂವರೆ ಸೇರಿಗೆ ಇಳಿಸಿದ್ರು. ಮೂಕಪ್ರಾಣಿಯ ಹೊಟ್ಟೆಗೇ ಹೊಡೆದ್ರಾ?

ಇಲ್ಲ. ಬದಲಾಗಿದ್ದು ಸೇರು! ಮೊದಲು ಒಂದು ಸೇರು ಅಂದ್ರೆ 28 ದಾಮ್ ನಾಣ್ಯಗಳ ತೂಕ. ಆಮೇಲೆ ಅದನ್ನ 30 ದಾಮ್ ಮಾಡಿದ್ರು. ಈಗ ಗುಣಿಸಿ ನೋಡಿ.

8 × 28 = 224
7.5 × 30 = 225

ಕುದುರೆಗೆ ಒಂದು ದಾಮ್ ಲಾಭಾನೇ! ಈ ಲೆಕ್ಕ ಇರೋದು ಅಬುಲ್ ಫಜಲ್ ಬರೆದ 'ಐನ್-ಇ-ಅಕ್ಬರಿ'ಯಲ್ಲಿ. ಒಂದು ದಾಮ್ ಸುಮಾರು 21 ಗ್ರಾಂ, ಹಾಗಾಗಿ ದಿನಕ್ಕೆ ಹತ್ತಿರ ಹತ್ತಿರ 4.7 ಕೆಜಿ. ಇದರಲ್ಲಿ 2 ಸೇರು ಹಿಟ್ಟು, ಒಂದೂವರೆ ಸೇರು ಸಕ್ಕರೆ! ಒಣಹುಲ್ಲಿಗೆ ಬೇರೆ 2 ದಾಮ್ ದುಡ್ಡು, ಹಸಿಹುಲ್ಲು ಸಿಗೋ ಕಾಲದಲ್ಲಿ ಅದು ಕಟ್.

ಯಾರೂ ಹೊಸದಾಗಿ ಲೆಕ್ಕ ಹಾಕದೆ ಹಳೇ '8 ಸೇರು' ಅಂತಾನೇ ಬಿಟ್ಟಿದ್ರೆ? ಒಂದು ಕುದುರೆಗೆ ದಿನಾ 16 ದಾಮ್ ತೂಕ ಹೆಚ್ಚು. ಸಾವಿರ ಕುದುರೆ ಇದ್ರೆ ದಿನಕ್ಕೆ 3 ಕ್ವಿಂಟಲ್‌ಗೂ ಮೇಲೆ. ಅದು ಕುದುರೆ ಹೊಟ್ಟೆಗೇ ಹೋಗುತ್ತೆ ಅನ್ನೋ ಗ್ಯಾರಂಟಿ ಏನು?

ಅದಕ್ಕೇ ಅಕ್ಬರನ ಲಾಯದಲ್ಲಿ ಪುಸ್ತಕದ ಲೆಕ್ಕವೊಂದನ್ನೇ ನಂಬ್ತಿರಲಿಲ್ಲ. ಪ್ರಾಣಿ ಎಷ್ಟು ಮೈ ತುಂಬಿದೆ, ಎಷ್ಟು ಸೊರಗಿದೆ ಅಂತ ನೋಡೋಕೆ ದರ್ಜೆಗಳಿದ್ವು. ಸೊರಗಿದ್ರೆ ನೋಡಿಕೊಳ್ಳೋರಿಗೆ ದಂಡ. ನಮ್ಮ ಭಾಷೇಲಿ ಹೇಳೋದಾದ್ರೆ ಸ್ಟಾಕ್ ರಿಜಿಸ್ಟರ್ ಜೊತೆಗೆ ಫಿಸಿಕಲ್ ವೆರಿಫಿಕೇಶನ್.

ಇನ್ನೂ ಹಿಂದಕ್ಕೆ ಹೋಗೋಣ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಶ್ವಾಧ್ಯಕ್ಷನಿಗೇ ಒಂದು ಅಧ್ಯಾಯ ಇದೆ. (ಕಳೆದೇ ಹೋಗಿದೆ ಅಂದುಕೊಂಡಿದ್ದ ಈ ಗ್ರಂಥವನ್ನ 1909ರಲ್ಲಿ ಅಚ್ಚು ಹಾಕಿಸಿದ್ದು ನಮ್ಮ ಮೈಸೂರಿನ ಆರ್. ಶಾಮಾಶಾಸ್ತ್ರಿಗಳು!) ಅಲ್ಲಿ ಮೊದಲು ಬರೋದು ಮೈ ಅಳತೆ. ಉತ್ತಮ ಕುದುರೆಯ ಮುಖ 32 ಅಂಗುಲ, ಎತ್ತರ 80, ಸುತ್ತಳತೆ 100. ಅದಾದ ಮೇಲೇ ಊಟ: 2 ದ್ರೋಣ ಧಾನ್ಯ, 5 ಪಲ ಉಪ್ಪು, ಜೊತೆಗೆ ಜಿಡ್ಡು, ಹುಲ್ಲು. ಮಧ್ಯಮ ಕುದುರೆಗೆ ಕಾಲು ಭಾಗ ಕಡಿಮೆ. ಅಂದ್ರೆ ಮೈ ನೋಡಿ ಮೇವು.

ಇವತ್ತಿಗೂ ಸೂತ್ರ ಇದೇ ದಾರೀಲಿದೆ. ತೂಕದ ಯಂತ್ರ ಇಲ್ಲದ ಕಡೆ ಒಂದು ಟೇಪ್ ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದ ತುದಿಯಿಂದ ಪೃಷ್ಠದ ತುದಿವರೆಗೆ ಉದ್ದ, ಎರಡೂ ಸೆಂಟಿಮೀಟರ್‌ನಲ್ಲಿ ತಗೊಳ್ಳಿ.

ಸುತ್ತಳತೆ × ಸುತ್ತಳತೆ × ಉದ್ದ ÷ 11,880 = ಅಂದಾಜು ಕೆಜಿ

ಸುತ್ತಳತೆ 180, ಉದ್ದ 160 ಇದ್ರೆ ಸುಮಾರು 436 ಕೆಜಿ. ದಿನದ ಮೇವು, ನೀರಿನಂಶ ಬಿಟ್ಟು, ತೂಕದ ಶೇ. 2ರ ಆಸುಪಾಸು. ಅಂದ್ರೆ ಎಂಟೂಮುಕ್ಕಾಲು ಕೆಜಿ ಹತ್ತಿರ. ಅದರಲ್ಲಿ ಹೆಚ್ಚಿನ ಪಾಲು ಹುಲ್ಲೇ ಇರಬೇಕು.

ಇಲ್ಲೊಂದು ವಿಷಯ ಗಮನಿಸಿ. ಮೇವನ್ನ ಡಬ್ಬದಲ್ಲಿ ಅಳೆಯೋದಲ್ಲ, ತೂಗಬೇಕು. ಅದೇ ಡಬ್ಬದ ತುಂಬ ಬೂಸಾ ಹಾಕಿದ್ರೆ ಹಗುರ, ಹುರುಳಿ ಹಾಕಿದ್ರೆ ಭಾರ. ಕಾಳು ಒಮ್ಮೆಲೇ ಹೆಚ್ಚಾದ್ರೆ ಕುದುರೆಗೆ ಹೊಟ್ಟೆಶೂಲೆ ಬರಬಹುದು, ಗೊರಸಿನೊಳಗೆ ಉರಿಯೂತ ಆಗಬಹುದು. ಕುದುರೆಗೆ ವಾಂತಿ ಮಾಡೋಕೂ ಆಗಲ್ಲ, ತಿಂದದ್ದು ಒಳಗೇ ಉಳಿಯುತ್ತೆ. ಜೀವಾನೇ ಹೋಗಬಹುದು.

ಕಡಿಮೆ ಹಾಕಿದ್ರೆ ಕಳ್ಳತನ, ಜಾಸ್ತಿ ಹಾಕಿದ್ರೆ ಕಾಯಿಲೆ. ಎರಡಕ್ಕೂ ಕುದುರೆ ದೂರು ಕೊಡೋಕಾಗಲ್ಲ. ಅದರ ಪರವಾಗಿ ಮಾತಾಡೋದು ತಕ್ಕಡಿ ಮತ್ತು ಲೆಕ್ಕದ ಪುಸ್ತಕ ಮಾತ್ರ. ಅಕೌಂಟ್ಸ್ ಅಂದ್ರೆ ಬರೀ ದುಡ್ಡಿನ ವಿಷಯ ಅನ್ನೋರಿಗೆ ಇದನ್ನ ಕಳಿಸಿ.

ನಿಮ್ಮ ಮನೇಲಿ ಹಳೇ ಸೇರು, ಪಾವು, ಕೊಳಗ ಇದ್ಯಾ? ಒಮ್ಮೆ ಹುರುಳಿ ತುಂಬಿ, ತೂಗಿ, ಎಷ್ಟು ಬಂತು ಅಂತ ಕಾಮೆಂಟ್ ಮಾಡಿ.

ಭಾಗ 5: ಕುದುರೆಗೆ ಮುದ್ರೆ ಒತ್ತುತ್ತಿದ್ದದ್ದು ಯಾಕೆ?

#ಲೆಕ್ಕದಇತಿಹಾಸ #ಕುದುರೆ #ಬಿಕಾಂಬಳಗ