ಇಡೀ ರಾತ್ರಿಯ ಆಟ, ಅರೆ ನಿಮಿಷದ ನೋಟ

2025ರ ಜನವರಿಯಲ್ಲಿ ಪದ್ಮಶ್ರೀ ಘೋಷಣೆಯಾದಾಗ ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 96 ವರ್ಷ. ಅಜ್ಜಿಯ ಫೋಟೊ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಆದರೆ ಏಳು ದಶಕ ಅವರು ಆಡಿಸಿದ ಆಟ ಹಾಗೆ ಹಾರುವಂಥದ್ದಲ್ಲ.

ತೊಗಲುಗೊಂಬೆ ಆಟಕ್ಕೆ ಬೇಕಿದ್ದುದು ಬಿಳಿ ಪರದೆ, ಹಿಂದೊಂದು ದೀಪ, ಹದ ಮಾಡಿದ ತೊಗಲನ್ನು ಕತ್ತರಿಸಿ ಬಣ್ಣ ಹಾಕಿದ ಗೊಂಬೆಗಳು, ಜೊತೆಗೆ ಪೂರ್ತಿ ಒಂದು ರಾತ್ರಿ. ಮನೆಮಂದಿಯೆಲ್ಲ ಕೂಡಿಯೇ ಆಡಿಸಬೇಕು: ಒಬ್ಬರು ಗೊಂಬೆ ಕುಣಿಸಿದರೆ ಇನ್ನೊಬ್ಬರದು ಹಾಡು, ಮತ್ತೊಬ್ಬರದು ವಾದ್ಯ. ಪಾತ್ರದ ಅಂತಸ್ತಿಗೆ ತಕ್ಕಂತೆ ಗೊಂಬೆಯ ಅಳತೆ. ರಾಜರು, ದೇವರು ದೊಡ್ಡವರು, ಆಳುಕಾಳು ಸಣ್ಣವರು. ರಾಮಾಯಣ ಭಾರವಾಗಿ ಜನ ತೂಕಡಿಸತೊಡಗಿದರೆ ನಗಿಸುವ ಗೊಂಬೆ ಕಿಳ್ಳೇಕ್ಯಾತ ಬರುತ್ತಾನೆ, ಹಿಂದೆಯೇ ಅವನ ಜೋಡಿ ಬಂಗಾರಕ್ಕ. ಇವರ ಜಗಳಕ್ಕೆ ಬರೆದಿಟ್ಟ ಮಾತಿಲ್ಲ. ಮುಂದೆ ಕೂತವರ ನಗು, ಆ ಊರಿನ ಸುದ್ದಿ, ಎರಡನ್ನೂ ನೋಡಿಕೊಂಡು ಅಲ್ಲೇ ಹುಟ್ಟುವ ಮಾತು ಅದು. ಈ ಕಲೆಯ ಜೀವ ಇರುವುದೇ ಅಲ್ಲಿ.

ಅಂದರೆ ನೋಡುವವರ ಮರ್ಜಿಗೆ ಕಲೆ ಬಾಗುವುದು ಹೊಸ ಸಂಗತಿಯೇನಲ್ಲ. ಮರದ ಗೊಂಬೆ ಮಾಡುವ ಪಕ್ಕದ ಕಿನ್ನಾಳವನ್ನೇ ನೋಡಬಹುದು. ಹಂಪಿಯ ವಿರೂಪಾಕ್ಷ ಗುಡಿಯ ಚಿತ್ರಗಳನ್ನು ಬರೆದವರು ತಮ್ಮ ಹಿರಿಯರು ಎಂಬ ನಂಬಿಕೆ ಅಲ್ಲಿನ ಚಿತ್ರಗಾರ ಮನೆತನಗಳಲ್ಲಿದೆ. ವಿಜಯನಗರ ಹೋಯಿತು. ಕೊಪ್ಪಳ ಹೈದರಾಬಾದಿನ ಸಾಲಾರ್ ಜಂಗ್ ಮನೆತನದ ಜಾಗೀರಾಯಿತು, 1956ರಲ್ಲಿ ರಾಯಚೂರಿನ ಜೊತೆ ಮೈಸೂರು ರಾಜ್ಯಕ್ಕೆ ಬಂತು, 1997ರಲ್ಲಿ ತಾನೇ ಜಿಲ್ಲೆಯಾಯಿತು. ದೊರೆ ಬದಲಾದಂತೆ ಗಿರಾಕಿಯೂ ಬದಲಾದ, ಸರಕೂ ಬದಲಾಯಿತು. ಗುಡಿಯ ವಾಹನ, ತೊಟ್ಟಿಲು, ಗೌರಿಯ ಜೊತೆಗೆ ಷೋಕೇಸಿಗೆ ಒಪ್ಪುವ ಹಕ್ಕಿ, ಹಣ್ಣು, ಪ್ರಾಣಿಗಳೂ ಸೇರಿಕೊಂಡವು.

ಬದಲಾಗದೆ ಉಳಿದದ್ದು ಒಳಗಿನ ಕೆಲಸ. ಹಗುರ ಮರವನ್ನು ಕೆತ್ತಿ, ಬಿಡಿಭಾಗಗಳನ್ನು ಹುಣಸೆಬೀಜದ ಅಂಟಿನಿಂದ ಜೋಡಿಸುತ್ತಾರೆ. ನೆನೆಸಿ ಕುಟ್ಟಿದ ಗೋಣಿನಾರು, ಮರದ ಹೊಟ್ಟು, ಅದೇ ಅಂಟು ಕಲಸಿದ ‘ಕಿಟ್ಟ’ವನ್ನು ಮೆತ್ತುತ್ತಾರೆ. ಮೇಲೆ ಕಲ್ಲಿನ ಪುಡಿಯ ಲೇಪ. ಒಣಗಿದ ಮೇಲಷ್ಟೇ ಬಣ್ಣ. ಒಡವೆ ಬರುವ ಕಡೆ ತವರದಿಂದ ಬಂಗಾರದ ಹೊಳಪು ತರಿಸುವ ‘ಲಾಜವರ’.

ಈಗ ಗಿರಾಕಿ ಮತ್ತೆ ಬದಲಾಗುತ್ತಿದ್ದಾನೆ. 2016ರಲ್ಲಿ ಜಿಯೊ ಬಂತು, ಹಳ್ಳಿಹಳ್ಳಿಗೆ ಅಗ್ಗದ ಡೇಟಾ ತಲುಪಿತು. 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾದರೂ ತಿಂಗಳೊಳಗೆ ಇನ್‌ಸ್ಟಾಗ್ರಾಂ ರೀಲ್ಸ್ ಆ ಜಾಗ ಹಿಡಿಯಿತು. ಕಿನ್ನಾಳದ ಗೊಂಬೆಗೆ ಇದರಿಂದ ಲಾಭವೇ: ಮಧ್ಯವರ್ತಿಯಿಲ್ಲದೆ ಗಿರಾಕಿ ಸಿಗಬಲ್ಲ. ಆದರೆ ಫೋಟೊದಲ್ಲಿ ಕಾಣುವುದು ಕೊನೆಯ ಬಣ್ಣ ಮಾತ್ರ, ಒಳಗಿನ ಕಿಟ್ಟ ಕಾಣದು. ಕಾಣದ ಕೆಲಸಕ್ಕೆ ಕಾಸು ಕೊಡುವವರು ಕಡಿಮೆಯಾದರೆ ಅದನ್ನು ಕೈಬಿಡುವ ಆಸೆ ಯಾರಿಗಾದರೂ ಬಂದೀತು. ಮೂಲ ಕೆಲಸದ ಗುರುತಾಗಿ ಕಿನ್ನಾಳಕ್ಕೆ ಸಿಕ್ಕಿರುವ ಭೌಗೋಳಿಕ ಸೂಚಿ ಮಾನ್ಯತೆಯ ಬೆಲೆ ತಿಳಿಯುವುದು ಇಲ್ಲೇ.

ನೋಡುವವರ ತೀರ್ಪು ಕಲೆಯನ್ನು ಹೇಗೆ ಬಾಗಿಸುತ್ತದೆ ಎಂಬ ಬಗ್ಗೆ ಅಮೆರಿಕದ ಮನೋವಿಜ್ಞಾನಿ ತೆರೇಸಾ ಅಮಾಬಿಲೆ 1979ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಬಣ್ಣದ ಕಾಗದ ಅಂಟಿಸಿ ಚಿತ್ರ ಮಾಡಿದ ವಿದ್ಯಾರ್ಥಿನಿಯರಲ್ಲಿ, ತಮ್ಮ ಕೆಲಸಕ್ಕೆ ತೀರ್ಪು ಬರುತ್ತದೆಂದು ಗೊತ್ತಿದ್ದವರ ಚಿತ್ರಗಳಲ್ಲಿ ಸಾಮಾನ್ಯವಾಗಿ ಹೊಸತನ ಕಡಿಮೆಯಿತ್ತು. ಕಿಳ್ಳೇಕ್ಯಾತನಿಗೂ ತೀರ್ಪುಗಾರರಿದ್ದರು, ನಿಜ. ಆದರೆ ಅವರು ಎದುರಿಗೇ ಕೂತಿದ್ದರು, ಬೆಳಗಿನವರೆಗೂ ಕೂತಿದ್ದರು. ಒಂದು ಮಾತು ಸೋತರೆ ಮುಂದಿನ ಮಾತಿನಲ್ಲಿ ಗೆಲ್ಲಬಹುದಿತ್ತು. ಲೈಕ್ ಒತ್ತುವವನಿಗೆ ಅಷ್ಟು ವ್ಯವಧಾನವಿಲ್ಲ. ರೀಲ್ಸಿನಲ್ಲಿ ಹನುಮಂತ ಹಾರುವುದು ಕಾಣಬಹುದು, ಬಂಗಾರಕ್ಕನ ಬೈಗುಳ ಹದಕ್ಕೆ ಬರುವುದು ಕಾಣದು.

ಮೊಬೈಲು ಕಿನ್ನಾಳವನ್ನು ಬದುಕಿಸೀತು. ತೊಗಲುಗೊಂಬೆಯನ್ನು ಅದೊಂದೇ ಬದುಕಿಸಲಾರದು. ಕುಷ್ಟಗಿ, ಯಲಬುರ್ಗಾ, ಗಂಗಾವತಿಯ ಜಾತ್ರೆ ಕಮಿಟಿಯವರು ಆರ್ಕೆಸ್ಟ್ರಾಕ್ಕೆ ಕೊಡುವ ರಾತ್ರಿಗಳಲ್ಲಿ ಒಂದನ್ನು, ಸಂಭಾವನೆ ಸಮೇತ, ಮೋರನಾಳದವರಿಗೂ ಕೊಡಲಿ.